ಜೀಪಿನ ಬುಡಕ್ಕೂ ಒಮ್ಮೆ ನುಗ್ಗಿ ನೋಡೋಣ

ಮರದ ಬುಡ ನೋಡಿ ಗೊತ್ತಿರುವವರು ನಾವು. ಸೋಗೆ ಸ್ವಲ್ಪ ಹಳದಿಯಾದರೆ ಸಾಕು, ಬುಡ ಕೆದಕಿ ಬೇರು ನೋಡುತ್ತೇವೆ. ಅದೇ ಅಂಗಳದಲ್ಲಿ ನಿಂತ ಹಳೆ ಜೀಪಿನ ಬುಡ? ಬಾನೆಟ್ ಎತ್ತಿ ಆಯಿಲ್ ನೋಡ್ತೇವೆ, ಟಯರಿಗೆ ಗಾಳಿ ಹಾಕಿಸ್ತೇವೆ, ನೋಂದಣಿ ನವೀಕರಣದ ಹೊತ್ತಿಗೆ ಪೈಂಟ್ ಹೊಡೆಸ್ತೇವೆ. ಅಡಿಗೆ ನುಗ್ಗುವುದು ಏನಾದರೂ ತುಂಡಾಗಿ ಬಿದ್ದ ಮೇಲೆಯೇ.

ನಾನು ಹೇಳಹೊರಟದ್ದು ಇಷ್ಟು. ಹಳೆ ಜೀಪಿನ ಅಡಿಯಲ್ಲಿ ತುಕ್ಕು ತಿಂದ ಬೋಲ್ಟು-ನಟ್ಟುಗಳನ್ನು ಅವು ತುಂಡಾಗುವವರೆಗೆ ಕಾಯದೆ ಬದಲಾಯಿಸಬೇಕು. ಇದು ಬರೀ ಗ್ಯಾರೇಜಿನವರ ಉಸಾಬರಿ ಅಲ್ಲ. ಬೋರ್ಡೋ ಸಿಂಪಡಣೆಯ ಹಾಗೆ ಕೃಷಿಕನ ವರ್ಷದ ಕೆಲಸಗಳಲ್ಲಿ ಒಂದು.

ನಮ್ಮ ಜೀಪಿಗೇ ತುಕ್ಕು ಯಾಕೆ ಜಾಸ್ತಿ?

ಕರಾವಳಿಯ ತೆಂಕು ಭಾಗದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ಚಾಸಿಗೆ ಮೆತ್ತಿದ ಕೆಸರು ಒಣಗುವುದೇ ಇಲ್ಲ. ಇದರ ಮೇಲೆ ನಾವು ಹೇರುವ ಸಾಮಾನು ನೋಡಿ: ಹಟ್ಟಿಗೊಬ್ಬರ, ಪೊಟ್ಯಾಷ್, ಮೈಲುತುತ್ತು. ನಾವು ಹಾಕುವ ಪೊಟ್ಯಾಷ್ ಹೆಚ್ಚಾಗಿ ಮ್ಯೂರಿಯೇಟ್. ಅಂದರೆ ಕ್ಲೋರೈಡ್. ಕಬ್ಬಿಣಕ್ಕೆ ಅದು ಸಮುದ್ರದ ಉಪ್ಪಿನಷ್ಟೇ ವೈರಿ.

ಮೈಲುತುತ್ತಿನ ಗುಣ ನಮಗೆ ಗೊತ್ತಿರುವುದೇ. ಬೋರ್ಡೋ ಸರಿಯಾಗಿದೆಯೋ ಎಂದು ತಿಳಿಯಲು ಕತ್ತಿ ಅದ್ದುತ್ತೇವಲ್ಲ? ಸುಣ್ಣ ಕಡಿಮೆಯಾದರೆ ಕತ್ತಿಗೆ ಕೆಂಪು ಬಣ್ಣ ಹಿಡಿಯುತ್ತದೆ. ಅದು ತಾಮ್ರ. ತಾಮ್ರ ಕತ್ತಿಗೆ ಕೂತಷ್ಟೂ ಕತ್ತಿಯ ಕಬ್ಬಿಣ ಕರಗಿ ಹೋಗಿರುತ್ತದೆ. ಹಿಂದುಗಡೆ ಇಟ್ಟ ಡ್ರಮ್ಮಿನಿಂದ ಮೈಲುತುತ್ತಿನ ನೀರು ತುಳುಕಿ ಬೋಲ್ಟಿನ ಮೇಲೆ ಬಿದ್ದರೂ ಇದೇ ಕಥೆ. ಹಾಗಾಗಿ ಮದ್ದು ಸಾಗಿಸಿದ ದಿನ ಜೀಪಿನ ನೆಲ, ಅಡಿ ಎರಡನ್ನೂ ಬರೀ ನೀರಿನಲ್ಲಿ ತೊಳೆದರೂ ಅರ್ಧ ತುಕ್ಕು ತಪ್ಪಿತು.

ಯಾವುದನ್ನು ಮೊದಲು ನೋಡಬೇಕು?

ಎಲ್ಲ ಬೋಲ್ಟಿಗೂ ಒಂದೇ ಬೆಲೆ ಇಲ್ಲ. ಸೈಲೆನ್ಸರ್ ಕ್ಲಾಂಪು ಹೋದರೆ ಸದ್ದು ಮಾತ್ರ. ಆಕ್ಸಿಲನ್ನು ಸ್ಪ್ರಿಂಗ್ ಪ್ಲೇಟಿಗೆ ಕಟ್ಟಿ ಹಿಡಿಯುವ ಯು ಬೋಲ್ಟು ಸಡಿಲವಾದರೆ ಹಾಗಲ್ಲ. ಎಳೆತವೆಲ್ಲ ಪ್ಲೇಟಿನ ಮಧ್ಯದ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಅದೂ ತುಂಡಾದರೆ ಆಕ್ಸಿಲ್ ಜಾಗ ಬಿಡುತ್ತದೆ, ಜೀಪು ಏಡಿಯ ಹಾಗೆ ಓರೆ ಓಡುತ್ತದೆ. ಗುಡ್ಡೆಯ ತಿರುವಿನಲ್ಲಿ, ಹಿಂದೆ ಆರೇಳು ಜನ ಕೂತಿರುವಾಗ ಹೀಗಾದರೆ ಏನೆಂದು ಯೋಚಿಸಿ.

ಆದ್ದರಿಂದ ಮೊದಲು ಯು ಬೋಲ್ಟು, ಸೆಂಟರ್ ಬೋಲ್ಟು, ಶ್ಯಾಕಲ್ ಮತ್ತು ಅದರ ಪಿನ್ನು. ಆಮೇಲೆ ಸ್ಟೇರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟು. ಆಮೇಲೆ ಬ್ರೇಕ್ ಪೈಪಿನ ಕ್ಲಿಪ್ಪು, ಬಾಡಿ ಬೋಲ್ಟು. ತಂತಿ ಬ್ರಷ್ಷಿನಲ್ಲಿ ಉಜ್ಜಿದಾಗ ಪದರ ಪದರ ಎದ್ದು ಕಾಂಡ ಸಪೂರವಾಗಿ ಕಂಡರೆ ಆ ಬೋಲ್ಟಿನ ಆಯುಷ್ಯ ಮುಗಿಯಿತು. ಬಿಚ್ಚಿದ ಯು ಬೋಲ್ಟನ್ನು ಪುನಃ ಹಾಕುವುದೂ ಬೇಡ. ಒಮ್ಮೆ ಬಿಗಿದು ಎಳೆದದ್ದು ಮತ್ತೆ ಅದೇ ಹಿಡಿತ ಕೊಡುವ ಭರವಸೆ ಇಲ್ಲ.

ಬೋಲ್ಟಿನ ತಲೆ ಓದಿ

ಪೇಟೆಯ ಒಂದು ಅಂಗಡಿಯಲ್ಲಿ ನಾನು ಶ್ಯಾಕಲಿಗೆ ಬೋಲ್ಟು ಕೇಳಿದಾಗ ಕೊಟ್ಟದ್ದು ಗೇಟಿಗೆ ಹಾಕುವಂಥದ್ದು. ದಪ್ಪ ಅದೇ, ಉದ್ದ ಅದೇ. ಮತ್ತೆ ವ್ಯತ್ಯಾಸ ಎಂತ? ತಲೆಯ ಮೇಲೆ ಬರೆದಿರುತ್ತದೆ. 4.6 ಎಂದಿದ್ದರೆ ಚದರ ಮಿಲ್ಲಿಮೀಟರಿಗೆ 400 ನ್ಯೂಟನ್ ಎಳೆತಕ್ಕೆ ತುಂಡಾಗುತ್ತದೆ, 8.8 ಎಂದಿದ್ದರೆ 800ಕ್ಕೆ. ತುಂಡಾಗುವ ಮೊದಲು ಹಿಗ್ಗಲು ಸುರುವಾಗುವ ಹಂತ ನೋಡಿದರೆ ಅಂತರ ಇನ್ನೂ ದೊಡ್ಡದು: 240 ಮತ್ತು 640. ಇಂಚಿನ ಬೋಲ್ಟಿನಲ್ಲಿ ಅಂಕೆ ಬದಲು ಗೀಟು ಇರುತ್ತದೆ. ಮೂರು ಗೀಟು ಗ್ರೇಡ್ 5, ಆರು ಗೀಟು ಗ್ರೇಡ್ 8. ತಲೆ ಬೋಳಾಗಿದ್ದರೆ ಜೀಪಿನ ಅಡಿಗೆ ಬೇಡವೇ ಬೇಡ.

'ಸ್ಟೀಲಿನದ್ದು ಹಾಕಿ, ತುಕ್ಕಿನ ತಂಟೆಯೇ ಇಲ್ಲ' ಎನ್ನುವವರಿದ್ದಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು 8.8ರಷ್ಟು ಗಟ್ಟಿ ಅಲ್ಲ. ನಟ್ಟೂ ಸ್ಟೇನ್‌ಲೆಸ್ ಆದರೆ ಬಿಗಿಯುವಾಗ ಕಚ್ಚಿಕೊಳ್ಳುವುದುಂಟು. ಬಾಡಿಗೆ, ಕ್ಲಿಪ್ಪಿಗೆ ಅಡ್ಡಿಯಿಲ್ಲ. ಸ್ಪ್ರಿಂಗಿಗೆ ಬೇಡ.

ಇನ್ನೊಂದು ತೊಡಕು ಅಳತೆಯದ್ದು. ವಿಲ್ಲೀಸ್ ವಂಶದ ಜೀಪಿನ ಚಾಸಿಗೆ ಇಂಚಿನ ಬೋಲ್ಟು. 3/8 ಇಂಚು ಅಂದರೆ 9.5 ಮಿ.ಮೀ., ಹತ್ತರ ಬೋಲ್ಟಿಗೆ ಹತ್ತಿರ. ಹತ್ತಿರವಾದ್ದರಿಂದಲೇ ಅದನ್ನು ಒತ್ತಿ ತಿರುಗಿಸಿ ಥ್ರೆಡ್ ಹಾಳು ಮಾಡುತ್ತಾರೆ. ಹಳೆಯದನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿ, ಹೊಸ ನಟ್ಟನ್ನು ಅದರ ಮೇಲೆ ಕೈಯಲ್ಲೇ ತಿರುಗಿಸಿ ನೋಡಿ ತನ್ನಿ.

ಬಿಚ್ಚುವಾಗ

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ನಟ್ಟು ಕಚ್ಚಿಕೊಳ್ಳುವುದು ಅದಕ್ಕೇ. ಹಿಂದಿನ ದಿನವೇ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ. ಮರುದಿನ ಮೊದಲು ಒಂದು ಕೂದಲೆಳೆ ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಬರದಿದ್ದರೆ ಗರಗಸ ಉಂಟಲ್ಲ, ಕೊಯ್ದುಬಿಡಿ. ಬ್ರೇಕ್ ಪೈಪು, ಡೀಸೆಲ್ ಟ್ಯಾಂಕಿನ ಹತ್ತಿರ ಗ್ಯಾಸಿನ ಬೆಂಕಿ ಬೇಡ.

ಬಹಳ ಮುಖ್ಯವಾದದ್ದು: ಜೀಪಿನಡಿಗೆ ಕೆಂಪುಕಲ್ಲು ಕೊಟ್ಟು ನುಗ್ಗಬೇಡಿ. ಮನೆ ಕಟ್ಟಲು ಅದು ಒಳ್ಳೆಯದೇ, ಆದರೆ ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ. ಬರೀ ಜಾಕನ್ನೂ ನಂಬಬೇಡಿ. ಗಟ್ಟಿ ನೆಲ, ಚಾಸಿಗೆ ಕಬ್ಬಿಣದ ಸ್ಟ್ಯಾಂಡು, ಚಕ್ರಕ್ಕೆ ಅಡ್ಡ, ಇಷ್ಟಾದ ಮೇಲೆ ಕೆಲಸ. ಯು ಬೋಲ್ಟುಗಳನ್ನು ಒಂದೇ ಸಲ ಎಲ್ಲ ಬಿಚ್ಚಬಾರದು. ಒಂದು ಬದಿ ಮುಗಿಸಿ ಇನ್ನೊಂದು ಬದಿ. ರಬ್ಬರ್ ಬುಷ್ ಇದ್ದರೆ ಶ್ಯಾಕಲಿನ ಕೊನೆಯ ಬಿಗಿ ಜೀಪು ನೆಲಕ್ಕಿಳಿದ ಮೇಲೆ. ನೂರಿನ್ನೂರು ಕಿಲೋಮೀಟರ್ ಓಡಿದ ನಂತರ ಎಲ್ಲವನ್ನೂ ಇನ್ನೊಮ್ಮೆ ಬಿಗಿಯಿರಿ. ಸುಟ್ಟ ಆಯಿಲ್ ಬಳಿಯುವ ಅಭ್ಯಾಸವಿದ್ದವರು ರಬ್ಬರ್ ಬುಷ್, ಬ್ರೇಕ್ ಹೋಸಿಗೆ ತಾಗಿಸಬೇಡಿ. ರಬ್ಬರ್ ಉಬ್ಬಿ ಹಾಳಾಗುತ್ತದೆ.

'ಇಷ್ಟೆಲ್ಲ ಯಾಕೆ ಮಾರಾಯ್ರೆ, ಮಾರಿ ಹೊಸ ಪಿಕಪ್ ತೆಗೆಯಿರಿ' ಎನ್ನಬಹುದು. ಮಳೆಗಾಲದಲ್ಲಿ ನಮ್ಮ ಮಣ್ಣಿನ ದಾರಿ ಹತ್ತುವುದು ಈ ಹಳೆಯದೇ. ಅಡಿಕೆ ಗೋಣಿ ಪೇಟೆಗೆ ಇಳಿಯುವುದು ಇದರಲ್ಲಿ, ಮಧ್ಯರಾತ್ರಿ ನೆರೆಮನೆಯ ರೋಗಿ ಆಸ್ಪತ್ರೆಗೆ ಹೋಗುವುದೂ ಇದರಲ್ಲಿ. ಅಡಿಯ ಬೋಲ್ಟುಗಳನ್ನು ಪೂರಾ ಬದಲಿಸಿದರೂ ಹೊಸ ಗಾಡಿಯ ಒಂದು ಕಂತಿನ ಲೆಕ್ಕಕ್ಕೆ ಬಾರದು.

ಕಾನೂನು ಹದಿನೈದು ವರ್ಷ ಮುಗಿದ ಸ್ವಂತ ವಾಹನವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಕರೆಯುತ್ತದೆ. ತುಕ್ಕು ಐದು ಮಳೆಗಾಲ ಕಾಯುವುದಿಲ್ಲ. ಪತ್ತನಾಜೆಯ ಒಳಗೆ ಒಂದು ದಿನವನ್ನು ಇದಕ್ಕೆಂದೇ ಇಡೋಣ. ನಾಲ್ಕು ಮನೆಯವರು ಸೇರಿ ಒಂದು ಜೊತೆ ಸ್ಟ್ಯಾಂಡು, ಇಂಚಿನ ಸ್ಪ್ಯಾನರ್ ಸೆಟ್ಟು ತೆಗೆದಿಟ್ಟರೆ ಎಲ್ಲರಿಗೂ ಆಯಿತು. ಅಂಗಡಿಯಲ್ಲಿ ಗ್ರೇಡ್ ಹೇಳಿ ಕೇಳುವವರು ನಾಲ್ಕು ಜನವಾದರೆ, ಅಂಗಡಿಯವರೂ ತರಿಸಿ ಇಡುತ್ತಾರೆ.