ಮಳೆ ಬಂದರೆ ಮುಗಿಯುವ ಕೆಲಸ

ಮೊನ್ನೆ ಒಂದು ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಕೂತಿದ್ದೆ. ಅರಣ್ಯಶಾಸ್ತ್ರ ಓದಿದವರಿಗೆ ‘ಕಾಡ್ಗಿಚ್ಚು ನಿರ್ವಹಣೆ’ ಭವಿಷ್ಯವಿರುವ ಕ್ಷೇತ್ರ ಎಂದರು. ಪರದೆಯ ಮೇಲೆ ಉಪಗ್ರಹ ಚಿತ್ರ, ಡ್ರೋನ್, ಅಪಾಯದ ನಕ್ಷೆ ಎಲ್ಲವೂ ಬಂದವು. ಬೆಂಕಿ ಆರಿಸುವ ಮನುಷ್ಯ ಮಾತ್ರ ಬರಲಿಲ್ಲ.

ಪಿಎಚ್.ಡಿ. ಕೆಲಸಕ್ಕೆಂದು ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೆ ಓಡಾಡುವ ನನಗೆ ಅವನು ಗೊತ್ತು. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸವರುವವನು, ಹೊಗೆ ಕಂಡರೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಓಡುವವನು ಅವನೇ. ಮಳೆ ಬಿದ್ದರೆ ಅವನ ದಿನಗೂಲಿ ಮುಗಿಯಿತು. ಇದನ್ನು ಯಾರೂ ಕೆರಿಯರ್ ಎನ್ನುವುದಿಲ್ಲ.

ಕೂಲಿಯ ಮಾತು ಹಾಗಿರಲಿ, ನನ್ನ ಸಿಟ್ಟು ಇನ್ನೊಂದಿದೆ. ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬುದಿತ್ತು. ಕಾಡು ಪೂರ್ತಿ ಒಣಗುವ ಮೊದಲೇ ಉದುರಿದ ತರಗಿಗೆ ಇಡುತ್ತಿದ್ದ ಸಣ್ಣ ಬೆಂಕಿ ಅದು. ಅದರಿಂದ ಹುಲ್ಲು ಚಿಗುರುತ್ತಿತ್ತು, ನೆಲ್ಲಿ ಮರವನ್ನು ಹೀರುವ ಉಪ್ಪಿಲು ಎಂಬ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಹಿರಿಯರು. 1972ರ ವನ್ಯಜೀವಿ ಕಾಯ್ದೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಅಪರಾಧವೆಂದಿತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತ ಮೇಲೇ ಲಾಂಟಾನ ಈ ಪರಿ ಹಬ್ಬಿದ್ದು ಎಂಬುದು ಪೋಡಿನವರ ವಾದ. ಈಗ ಕಡು ಬೇಸಿಗೆಯಲ್ಲಿ ಕಿಡಿ ಬಿದ್ದರೆ ಬೆಂಕಿ ಆ ಪೊದೆ ಹತ್ತಿ ಮರಕ್ಕೇರುತ್ತದೆ. 2019ರ ಫೆಬ್ರವರಿಯಲ್ಲಿ ನೆರೆಯ ಬಂಡೀಪುರದಲ್ಲಿ 10,000 ಎಕರೆಗೂ ಹೆಚ್ಚು ಸುಟ್ಟಿತು. ನೀರು ಸುರಿಯಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು.

‘ಹಾಗಾದರೆ ಎಲ್ಲರೂ ಬೆಂಕಿ ಹಚ್ಚಲಿ ಅಂತೀಯಾ?’ ಎಂದು ಗೆಳೆಯರೇ ಕೇಳುತ್ತಾರೆ. ಇಲ್ಲ ಮಾರಾಯರೆ. ಈಗಿನ ಲಾಂಟಾನಕ್ಕೆ ಬೆಂಕಿ ಇಟ್ಟರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಇದನ್ನು ನನಗೆ ಹೇಳಿದ್ದೂ ಪೋಡಿನ ಒಬ್ಬ ಅಜ್ಜನೇ. ಮೊದಲು ಪೊದೆ ಬೇರುಸಹಿತ ಕೀಳಬೇಕು. ಆಮೇಲೆ ಎಲ್ಲಿ, ಯಾವ ವಾರ, ಎಂಥ ಗಾಳಿಗೆ ಎಂಬ ಲೆಕ್ಕ. ಆ ಲೆಕ್ಕ ಬಲ್ಲವರಿಗೆ ವಯಸ್ಸಾಗಿದೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು, ನಿಜ. ಆದರೆ ಬೆಂಕಿಯ ಮಾತೆತ್ತಿದರೆ ಇವತ್ತಿಗೂ ಅವರು ಅಕ್ಕಪಕ್ಕ ನೋಡಿ ದನಿ ತಗ್ಗಿಸುತ್ತಾರೆ.

ಶಿಬಿರದ ಕೊನೆಗೆ ಕೇಳಿದೆ: ಈ ಕೋರ್ಸಿಗೆ ಪಾಠ ಹೇಳಲು ಪೋಡಿನವರನ್ನು ಕರೆಯುತ್ತೀರಾ? ‘ಅವರಿಗೆ ಅರ್ಹತೆ ಇರಬೇಕಲ್ಲ’ ಎಂದು ಉತ್ತರ ಬಂತು. ಜಗಳವಾಡಬಹುದಿತ್ತು. ಆದರೆ ನನ್ನ ಪ್ರಬಂಧದಲ್ಲೂ ಆ ಅಜ್ಜ ‘ಮಾಹಿತಿದಾತ 7’ ಅಷ್ಟೇ. ಹಾಗೆಂದು ಟೈಪ್ ಮಾಡಿದವಳು ನಾನೇ.