ಹೆಸರಿನ ಮೂಲ: ಊಹೆ ಮತ್ತು ವಿವೇಕ

ಮನುಷ್ಯನಿಗೆ ದೊರೆಯುವ ಮೊದಲ ಆಸ್ತಿ ಅವನ ಹೆಸರು. ಹೆತ್ತವರ ಭಕ್ತಿ, ಭಯ, ಹರಕೆ, ಹಂಬಲಗಳು ಅದರಲ್ಲಿ ಅಕ್ಷರರೂಪ ತಾಳಿರುತ್ತವೆ. ಆದುದರಿಂದ ಅಪರೂಪದ ಹೆಸರೊಂದು ಕಿವಿಗೆ ಬಿದ್ದಾಗ ಅದರ ಮೂಲವನ್ನು ಊಹಿಸತೊಡಗುವುದು ಸಹಜವೇ. ಊಹೆಯನ್ನು ನಾನು ತಪ್ಪೆನ್ನಲಾರೆ. ಊಹೆಯನ್ನೇ ನಿರ್ಣಯವೆಂದು ಬಗೆದು ಪರರ ಹೆಸರನ್ನು ತಿದ್ದಹೊರಡುವುದು ತಪ್ಪೆಂಬುದೇ ನನ್ನ ಅಭಿಪ್ರಾಯ.

ಊಹೆಗೆ ಮೊದಲ ಆಧಾರ ಧ್ವನಿನಿಯಮ. ವೃಷಭ ಶಬ್ದವು ಪ್ರಾಕೃತದ ಹಾದಿಯಲ್ಲಿ ಸಾಗಿ ಬಸವ ಎಂದಾಯಿತು, ಬ್ರಹ್ಮ ಬೊಮ್ಮನಾದನು. ಇಂಥ ಮಾರ್ಪಾಟುಗಳಿಗೆ ಒಂದು ಕ್ರಮವುಂಟೆಂಬುದನ್ನು ಮನಗಂಡೇ 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವನ್ನು ರಚಿಸಿದನು. ಹೀಗಿರಲು ಬೊಮ್ಮಪ್ಪ ಎಂಬುದನ್ನು ಬ್ರಹ್ಮಪ್ಪನ ಅಶುದ್ಧ ರೂಪವೆನ್ನುವುದು ಸಲ್ಲದು. ಅದು ಕಿನ್ನರಿ ಬೊಮ್ಮಯ್ಯನಂಥ ಶರಣರು ಧರಿಸಿದ್ದ, ಕನ್ನಡಕ್ಕೆ ಸಹಜವಾದ ರೂಪ.

ಆದರೆ ಧ್ವನಿನಿಯಮವೊಂದೇ ಸಾಲದು. ತಿಪ್ಪಣ್ಣನೆಂಬ ಹೆಸರನ್ನು ನೋಡಿರಿ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲಿರಿಸಿ ಎತ್ತಿಕೊಂಡು, ಮೃತ್ಯುವಿನ ಕಣ್ಣು ತಪ್ಪಲೆಂದು ಆ ಹೆಸರಿಡುವ ರೂಢಿಯುಂಟು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಇಟ್ಟ ಹೆಸರೂ ಅದಾಗಿರಬಹುದು. ಸಾಕವ್ವನೆಂಬಲ್ಲಿ, ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದ ಮನೆಯ ‘ಇನ್ನು ಸಾಕು’ ಎಂಬ ನಿಟ್ಟುಸಿರಿರಬಹುದು. ಸಾಕಿ ಸಲಹುವ ಅಕ್ಕರೆಯೂ ಇರಬಹುದು. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗಿಟ್ಟಿದ್ದರೆ ಈ ಎರಡೂ ಅರ್ಥಗಳು ಅಲ್ಲಿ ಅಪ್ರಸ್ತುತ. ಇದನ್ನು ಬಲ್ಲವರು ಆ ಮನೆಯ ಹಿರಿಯರು. ನಿಘಂಟು ಇಲ್ಲಿ ನೆರವಾಗದು.

ಹೊಸದಾಗಿ ಕಟ್ಟಿದ ಹೆಸರುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆಂಗ್ಲರಲ್ಲಿ ಬಳಕೆಯಲ್ಲಿರುವ ವನೆಸ್ಸಾ ಎಂಬ ಹೆಸರಿನ ಮೂಲವನ್ನು ಗ್ರೀಕರ ಫಾನೆಸ್ ದೇವತೆಯಲ್ಲಿ ಅರಸಿದವರಿದ್ದಾರೆ. ವಾಸ್ತವವಾಗಿ ಅದು ಜೊನಾಥನ್ ಸ್ವಿಫ್ಟ್ ಕವಿಯ ಸೃಷ್ಟಿ. ತನ್ನ ಆಪ್ತಳೊಬ್ಬಳ ಕುಲನಾಮದ ಮೊದಲಿನ ‘ವ್ಯಾನ್’ಗೆ, ಎಸ್ತರ್ ಎಂಬ ಅವಳ ಹೆಸರಿನ ಮುದ್ದಿನ ರೂಪವಾದ ‘ಎಸ್ಸ’ವನ್ನು ಜೋಡಿಸಿ ಅವನು ಅದನ್ನು ಕಟ್ಟಿದನು. ಆ ಹೆಸರುಳ್ಳ ಅವನ ಕಾವ್ಯವು 1726ರಲ್ಲಿ ಅಚ್ಚಾಯಿತು. ದಾಖಲೆ ಉಳಿದುದರಿಂದ ಸತ್ಯ ತಿಳಿಯಿತು. ಇಲ್ಲವಾದರೆ ಧ್ವನಿಸಾಮ್ಯವೇ ಪ್ರಮಾಣವಾಗಿಬಿಡುತ್ತಿತ್ತು.

ಇಂದು ನಮ್ಮಲ್ಲಿಯೂ ತಂದೆತಾಯಿಗಳ ಹೆಸರಿನ ಅಕ್ಷರಗಳನ್ನು ಕೂಡಿಸಿ ಹೆಸರು ಕಟ್ಟುವುದು ರೂಢಿಯಾಗಿದೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಅನಂತರ ಅದಕ್ಕೊಂದು ಸಂಸ್ಕೃತ ಮೂಲವನ್ನು ಆರೋಪಿಸುವ ಚಪಲ ಸಲ್ಲದು. ಒಂದೊಂದು ಅಕ್ಷರಕ್ಕೂ ಹಲವು ಅರ್ಥಗಳನ್ನು ಹೇಳುವ ಏಕಾಕ್ಷರ ನಿಘಂಟುಗಳು ಕೈಯಲ್ಲಿರುವಾಗ ಯಾವ ಹೆಸರಿಗೆ ತಾನೆ ಅರ್ಥ ಹುಟ್ಟದು? ‘ನಮ್ಮಿಬ್ಬರ ಹೆಸರು ಸೇರಿ ನಿನ್ನ ಹೆಸರಾಯಿತು’ ಎಂದು ಮಗುವಿಗೆ ನಿಜ ಹೇಳಿದರೆ ಅದಕ್ಕಿಂತ ಹಿರಿದಾದ ಅರ್ಥ ಮತ್ತಾವುದು ಬೇಕು?

ಈ ಮಾತು ಶಾಲೆಗೆ ವಿಶೇಷವಾಗಿ ಅನ್ವಯಿಸುತ್ತದೆ. ದಾಖಲಾತಿ ಪುಸ್ತಕದಲ್ಲಿ ಉಪಾಧ್ಯಾಯರು ಬರೆದ ರೂಪವೇ ಪ್ರಮಾಣಪತ್ರವನ್ನೇರಿ ಜೀವಮಾನವಿಡೀ ಉಳಿಯುತ್ತದೆ. ಶುದ್ಧಗೊಳಿಸುವ ಉತ್ಸಾಹದಲ್ಲಿ ಅಲ್ಲಿ ಒಂದಕ್ಷರ ತಿದ್ದಿದರೆ ಮನೆತನದ ನೆನಪೊಂದು ಅಳಿಯುತ್ತದೆ. ತರಗತಿಯಲ್ಲಿ ಹೆಸರಿಗೆ ಹಗುರವಾದ ಅರ್ಥ ಹಚ್ಚಿ ನಕ್ಕರೆ ಎಳೆಯ ಮನಸ್ಸೊಂದು ಮುದುಡುತ್ತದೆ. ಮನೆಯಲ್ಲಿ ಕರೆಯುವಂತೆಯೇ ಬರೆಯುವುದು, ಬರೆಯುವ ಮುನ್ನ ಕೇಳುವುದು, ಇವೆರಡು ನಿಯಮಗಳು ಸಾಕು.

ಹಳೆಯ ವಿದ್ಯಾರ್ಥಿಗಳಲ್ಲಿ ಕಡೆಯದಾಗಿ ಒಂದು ವಿನಂತಿ. ತಮ್ಮ ಮನೆಗಳಲ್ಲಿರುವ ಅಪರೂಪದ ಹೆಸರುಗಳ ಹಿನ್ನೆಲೆಯನ್ನು ಹಿರಿಯರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಲಿ. ಹಿರಿಯರು ಕಣ್ಮರೆಯಾದ ಬಳಿಕ ನಮಗುಳಿಯುವುದು ಬರಿಯ ಊಹೆ.