ಆಕಾಶದಿಂದ ಬಿದ್ದ ಕಲ್ಲು ಯಾರ ಸ್ವತ್ತು?

2025ನೆಯ ಇಸವಿ ಜುಲೈ 16ರಂದು ನ್ಯೂಯಾರ್ಕ್ ನಗರದ ಸೋಥೆಬಿ ಹರಾಜು ಮಳಿಗೆಯಲ್ಲಿ ಒಂದು ಕಲ್ಲು ಮಾರಾಟವಾಯಿತು. ಅದರ ತೂಕ 24 ಕಿಲೋ 670 ಗ್ರಾಂ; ಹರಾಜಿನಲ್ಲಿ ನಿಂತ ಕೂಗು 43 ಲಕ್ಷ ಡಾಲರು; ಮಳಿಗೆಯವರ ದಸ್ತೂರಿ ಮುಂತಾದುವು ಸೇರಿ ಕೊಂಡವರು ತೆತ್ತದ್ದು ಸುಮಾರು 53 ಲಕ್ಷ ಡಾಲರು, ಎಂದರೆ ನಮ್ಮ ಲೆಕ್ಕದಲ್ಲಿ 45 ಕೋಟಿ ರೂಪಾಯಿಗಳಷ್ಟು. ಮಂಗಳಗ್ರಹದಿಂದ ಸಿಡಿದು ಭೂಮಿಯನ್ನು ಸೇರಿದ ಕಲ್ಲುಗಳಲ್ಲಿ ಇದುವರೆಗೆ ಕೈಗೆ ಸಿಕ್ಕಿರುವುದರ ಪೈಕಿ ಇದೇ ಅತಿ ದೊಡ್ಡದು. ಇದು 2023ರ ನವೆಂಬರಿನಲ್ಲಿ ದೊರೆತದ್ದು ಆಫ್ರಿಕಾ ಖಂಡದ ನೈಜರ್ ದೇಶದ ಅಗಾದೆಜ್ ಪ್ರಾಂತದ ಮರುಭೂಮಿಯಲ್ಲಿ. ಮಾರಾಟದ ಸುದ್ದಿ ಹಬ್ಬಿದ ತರುವಾಯ ಆ ದೇಶದ ಸರ್ಕಾರದವರು ಎಚ್ಚೆತ್ತು, ಈ ಕಲ್ಲು ತಮ್ಮ ಗಡಿಯನ್ನು ದಾಟಿದ್ದು ಹೇಗೆಂದು ವಿಚಾರಣೆಗೆ ಅಪ್ಪಣೆ ಮಾಡಿದರು. ರತ್ನಶಿಲೆಗಳ ಮತ್ತು ಉಲ್ಕಾಶಿಲೆಗಳ ರಫ್ತನ್ನೂ ತಡೆಹಿಡಿದರು. ಮಾರಿದವರಾದರೋ ಕಾಗದಪತ್ರಗಳೆಲ್ಲ ಕ್ರಮವಾಗಿವೆಯೆಂದು ಹೇಳಿದರು. ಕಲ್ಲು ಹೋದ ಮೇಲೆ ಬಾಗಿಲು ಹಾಕಿದಂತಾಯಿತು.

ಎಲ್ಲಿಯ ನೈಜರ್, ಎಲ್ಲಿಯ ನಮ್ಮ ಹಾಸನ ಜಿಲ್ಲೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಅರಸೀಕೆರೆಯ ಬಳಿಯ ಹಾರನಹಳ್ಳಿಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳುತ್ತೇವೆ. ಅಲ್ಲಿ ಹೊಯ್ಸಳರ ಕಾಲದ, 13ನೆಯ ಶತಮಾನದ ಎರಡು ದೇವಾಲಯಗಳಿವೆ. ಒಂದು ಲಕ್ಷ್ಮೀನರಸಿಂಹನದು, ಮತ್ತೊಂದು ಸೋಮೇಶ್ವರನದು. ಆ ಗೋಡೆಗಳಿಂದ ಬಳಪದ ಕಲ್ಲಿನ ಒಂದು ಮದನಿಕೆಯ ಕೈಯನ್ನು ಯಾವನಾದರೂ ಮುರಿದು ವಿದೇಶಕ್ಕೆ ಸಾಗಿಸಲೆತ್ನಿಸಿದರೆ, 1972ರ ಪ್ರಾಚ್ಯವಸ್ತು ಶಾಸನದ ಮೇರೆಗೆ ಅವನಿಗೆ ಸೆರೆವಾಸ ತಪ್ಪದು. ನೂರು ವರ್ಷ ಮೀರಿದ ಶಿಲ್ಪವನ್ನು ಖಾಸಗಿಯವರು ರಫ್ತು ಮಾಡಕೂಡದೆಂದು ಆ ಶಾಸನ ಸ್ಪಷ್ಟವಾಗಿ ಹೇಳುತ್ತದೆ. ಅದೇ ದೇವಾಲಯಕ್ಕೆ ಕೂಗಳತೆಯ ತೆಂಗಿನ ತೋಟವೊಂದರಲ್ಲಿ ಇಂದು ರಾತ್ರಿ ಆಕಾಶದಿಂದ ಒಂದು ಕಲ್ಲು ಬೀಳಲಿ. ಅದು ಆ ದೇವಾಲಯಗಳಿಗಿಂತ ಮಾತ್ರವಲ್ಲ, ಈ ಭೂಮಿಯ ಮೇಲಿನ ಯಾವ ಬಂಡೆಗಿಂತಲೂ ಹಳೆಯದಾಗಿ, 450 ಕೋಟಿ ವರ್ಷಗಳಷ್ಟು ವಯಸ್ಸಿನದಾಗಿರಬಹುದು. ಅದು ಯಾರದು? ತೋಟದ ಯಜಮಾನನದೋ, ಬೆಳಗ್ಗೆ ಕಾಯಿ ಆಯಲು ಹೋಗಿ ಅದನ್ನು ಕಂಡ ಆಳಿನದೋ, ಪಂಚಾಯಿತಿಯದೋ, ಸರ್ಕಾರದ್ದೋ? ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಕಾನೂನಿನ ಯಾವ ಕಲಮನ್ನು ತೋರಿಸಿಯಾರು?

ಇದು ಕೇವಲ ಊಹೆಯ ಪ್ರಶ್ನೆಯಲ್ಲ. ಕನ್ನಡ ನೆಲದ ಮೇಲೆ ಇಂಥ ಕಲ್ಲುಗಳು ಬಿದ್ದಿವೆ. 1865ರ ಸೆಪ್ಟೆಂಬರ್ 21ರಂದು ಮದ್ದೂರಿನ ಸೀಮೆಯಲ್ಲಿ ಒಂದು ಬಿದ್ದಿತು. ಅದಾದ ಸುಮಾರು ಏಳು ತಿಂಗಳಿಗೆ, 1866ರ ಏಪ್ರಿಲಿನಲ್ಲಿ, ಉಡುಪಿಯ ಸೀಮೆಯಲ್ಲಿ ಮತ್ತೊಂದು. ಆಗ ಮೈಸೂರು ಕಮೀಷನರುಗಳ ಆಡಳಿತದಲ್ಲಿತ್ತು, ಉಡುಪಿಯು ಮದರಾಸಿನ ಅಧಿಪತ್ಯಕ್ಕೆ ಸೇರಿತ್ತು. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಗಳಲ್ಲಿ ಮದ್ದೂರಿನ ಕಲ್ಲು ಇಂದಿಗೂ ಆಂಗ್ಲರ ಹಳೆಯ ಅಕ್ಷರವಿನ್ಯಾಸದಂತೆ 'ಮುಡ್ಡೂರ್' ಎಂದೇ ನಮೂದಾಗಿದೆ. ನಮ್ಮ ಊರಿನ ಹೆಸರನ್ನು ತಿದ್ದಿಸುವವರೂ ಇಲ್ಲ! ಇನ್ನು ನಮ್ಮ ಕಾಲದಲ್ಲಿಯೇ, 2008ರ ಸೆಪ್ಟೆಂಬರ್ 12ರ ಬೆಳಗ್ಗೆ, ಹೊಸೂರಿನ ಆಚೆಯ ಶೂಲಗಿರಿಯ ಹಳ್ಳಿಗಳಲ್ಲಿ ಗುಡುಗಿನಂಥ ಸದ್ದಿನೊಡನೆ ಕಲ್ಲುಗಳು ಬಿದ್ದುವು. ಒಟ್ಟು ಕೂಡಿಸಿದ್ದು 100 ಕಿಲೋಗಳಿಗೂ ಮೇಲಾಗಿ, ಭಾರತದಲ್ಲಿ ಕಂಡ ಬಹು ದೊಡ್ಡ ಉಲ್ಕಾಪಾತಗಳಲ್ಲಿ ಒಂದೆನಿಸಿತು. ಬೆಂಗಳೂರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಯ ಹಾದಿ. ಕಲ್ಲು ಬೀಳುವಾಗ ಜಿಲ್ಲೆಯ ಗಡಿಯನ್ನು ನೋಡಿ ಬೀಳುವುದಿಲ್ಲ.

ಮದ್ದೂರಿನ ಕಲ್ಲಿಗೆ ಇಪ್ಪತ್ತೇಳು ದಿನ ಮುಂಚೆ, ಅದೇ 1865ರ ಆಗಸ್ಟ್ 25ರಂದು, ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಐದು ಕಿಲೋ ತೂಕದ ಕಲ್ಲಿನ ಕಥೆಯನ್ನು ವಾಚಕರು ಅವಶ್ಯವಾಗಿ ತಿಳಿಯತಕ್ಕದ್ದು. ಅದು ಮಂಗಳಗ್ರಹದ ಕಲ್ಲೆಂಬುದು ನೂರು ವರ್ಷಗಳು ಕಳೆದ ಮೇಲೆ ಗೊತ್ತಾಯಿತು. ಈಗ ಆ ಜಾತಿಯ ಕಲ್ಲುಗಳಿಗೆಲ್ಲ, ಅವು ಎಲ್ಲಿಯೇ ಬೀಳಲಿ, ಆ ಬಿಹಾರದ ಊರಿನ ಹೆಸರನ್ನೇ ಇಟ್ಟಿದ್ದಾರೆ. ಬಿದ್ದ ದಿನ ಅದನ್ನು ಯಾರಾದರೂ ಕರಿಯ ಕಲ್ಲೆಂದು ಎಸೆದಿದ್ದರೆ, ಅಥವಾ ಹತ್ತು ರೂಪಾಯಿಗೆ ಮಾರಿದ್ದರೆ, ಆ ಜ್ಞಾನವೂ ಹೋಗುತ್ತಿತ್ತು. ಹಾಗಾಗದೆ ಕಲ್ಕತ್ತೆಯ ಸಂಗ್ರಹದಲ್ಲಿ ಉಳಿದುಕೊಂಡುದರಿಂದಲೇ ಅದಕ್ಕೆ ಈ ಬೆಲೆ. ನ್ಯೂಯಾರ್ಕಿನ ಹರಾಜಿನ ದರವನ್ನು ಹಿಡಿದರೆ ಗ್ರಾಮಿಗೆ 200 ಡಾಲರುಗಳ ಮೇಲಾಗುತ್ತದೆ. ಆದರೆ ಸಾಮಾನ್ಯ ಜಾತಿಯ ಉಲ್ಕಾಶಿಲೆಗೆ ಅದರ ಸಣ್ಣದೊಂದು ಭಾಗವೂ ಬಾರದೆಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಇಲ್ಲಿ ಪರಕೀಯ ಆಡಳಿತಕ್ಕೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸಬೇಕು. 1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಮೊದಲನೆಯ ಮುಖ್ಯಸ್ಥ ಥಾಮಸ್ ಓಲ್ಡ್‌ಹಮ್ ಎಂಬಾತನು ಬಹು ಶ್ರದ್ಧೆಯಿಂದ ಈ ಸಂಗ್ರಹವನ್ನು ಬೆಳೆಸಿದನು. ಇಂಗ್ಲೆಂಡಿನಲ್ಲಿ ಗ್ರೆಗ್ ಎಂಬವನು ಕೂಡಿಸಿದ್ದ ಉಲ್ಕಾಶಿಲೆಗಳನ್ನು 1865ರಲ್ಲಿ ಕೊಂಡು ಕಲ್ಕತ್ತೆಗೆ ತರಿಸಿದವನೂ ಅವನೇ. ಇಂಗ್ಲೆಂಡಿನಿಂದ ಭಾರತಕ್ಕೆ ಬಂದ ಸೊತ್ತು ಎಂದರೆ ನಮ್ಮ ಓದುಗರು ನಂಬಲಾರರು. ಆದರೂ ಅದು ನಿಜ. ಇನ್ನೊಂದು ಮಗ್ಗುಲನ್ನೂ ಹೇಳಬೇಕು. 1852ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಬಿದ್ದ ಅತಿ ವಿರಳವಾದ ಒಂದು ಕಲ್ಲಿನ ಮುಖ್ಯಭಾಗ ಲಂಡನ್ನಿನ ಮ್ಯೂಸಿಯಮ್ಮನ್ನು ಸೇರಿತು. ಅದರಲ್ಲಿ ಕಂಡುಬಂದ ಹೊಸ ಖನಿಜಕ್ಕೆ ಓಲ್ಡ್‌ಹಮ್ಮನ ಹೆಸರನ್ನೇ ಇಟ್ಟರು. ಆ ಜಾತಿಯ ಕಲ್ಲು ಮತ್ತೆ ಭಾರತದಲ್ಲಿ ಬಿದ್ದದ್ದು ಒಂದು ನೂರ ಎಪ್ಪತ್ತು ವರ್ಷಗಳ ತರುವಾಯ, 2022ರ ಆಗಸ್ಟ್ 17ರಂದು, ಗುಜರಾತಿನ ದಿಯೋದರದಲ್ಲಿ. ಈ ಸಲ ಅದನ್ನು ಪರೀಕ್ಷಿಸಿ ಜಾತಿಯನ್ನು ನಿರ್ಣಯಿಸಿದವರು ಅಹಮದಾಬಾದಿನ ಭೌತ ಸಂಶೋಧನಾಲಯದ ನಮ್ಮವರೇ.

ಹೀಗಿರಲಾಗಿ ಕಾನೂನಿನ ಸ್ಥಿತಿಯೇನು? ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳಿಗೆ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯೇ ಅಧಿಕೃತ ಪಾಲಕ. ಜಿಲ್ಲಾಡಳಿತದವರು ಕಲ್ಲನ್ನು ವಶಪಡಿಸಿಕೊಂಡು ಆ ಇಲಾಖೆಗೆ ಒಪ್ಪಿಸುವುದು ನಡೆದುಬಂದ ಪದ್ಧತಿ. ಆದರೆ ಪದ್ಧತಿ ಬೇರೆ, ಶಾಸನ ಬೇರೆ. ಉಲ್ಕಾಶಿಲೆಯ ಒಡೆತನ, ಮಾರಾಟ, ರಫ್ತುಗಳನ್ನು ಕುರಿತು ಪಾರ್ಲಿಮೆಂಟು ಪ್ರತ್ಯೇಕ ಶಾಸನವನ್ನು ಮಾಡಿಲ್ಲ. 1878ರ ನಿಧಿ ಶಾಸನವು ಮಣ್ಣಿನಲ್ಲಿ ಹುದುಗಿದ್ದ ಹತ್ತು ರೂಪಾಯಿಗೆ ಮೇಲ್ಪಟ್ಟ ವಸ್ತುವಿನ ಮಾತನ್ನಾಡುತ್ತದೆ. ನಿನ್ನೆ ರಾತ್ರಿ ಮೇಲಿನಿಂದ ಬಿದ್ದುದು ಹುದುಗಿದ್ದ ನಿಧಿಯಾಗುವುದು ಹೇಗೆ? ಪ್ರಾಚ್ಯವಸ್ತು ಶಾಸನವು ಮನುಷ್ಯನ ಕೈಕೆಲಸವನ್ನೂ ಚರಿತ್ರೆಯ ವಸ್ತುಗಳನ್ನೂ ನೋಡುತ್ತದೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗಣಿ ಮಂತ್ರಾಲಯದವರು ಭೂಪರಂಪರೆಯ ಸ್ಥಳಗಳನ್ನೂ ಭೂ ಅವಶೇಷಗಳನ್ನೂ ಕಾಪಾಡುವುದಕ್ಕಾಗಿ ಒಂದು ಕರಡು ಮಸೂದೆಯನ್ನು ಪ್ರಕಟಿಸಿದರು. ಅದರಲ್ಲಿ ಭೂ ಅವಶೇಷವೆಂಬ ಮಾತಿನ ವ್ಯಾಖ್ಯೆಯೊಳಗೆ ಉಲ್ಕಾಶಿಲೆಯೂ ಸೇರಿದೆ. ಇದು ಸರಿಯಾದ ದಾರಿಯ ಮೊದಲ ಹೆಜ್ಜೆಯೆಂದು ನಾವು ಒಪ್ಪುತ್ತೇವೆ. ಆದರೆ ಕರಡು ಕರಡೇ ಆಗಿ ಉಳಿದರೆ ಕಲ್ಲನ್ನು ಕಾಯುವುದಿಲ್ಲ.

ಬೇರೆ ದೇಶದವರು ಈ ವಿಷಯದಲ್ಲಿ ಮುಂದಾಗಿದ್ದಾರೆ. ಕೆನಡಾದಲ್ಲಿ 1977ರಿಂದ ಜಾರಿಯಲ್ಲಿರುವ ಸಾಂಸ್ಕೃತಿಕ ಸ್ವತ್ತಿನ ಶಾಸನದಂತೆ ಅಲ್ಲಿ ದೊರೆತ ಉಲ್ಕಾಶಿಲೆಯನ್ನು ಹೊರಗೊಯ್ಯಲು ಪರವಾನಗಿ ಬೇಕು. ಆಸ್ಟ್ರೇಲಿಯದಲ್ಲಿ 1986ರ ಶಾಸನವೂ ಹಾಗೆಯೇ. ಅರ್ಜೆಂಟೀನಾದವರು 2007ರಲ್ಲಿ ಇವನ್ನು ದೇಶದ ಸಾಂಸ್ಕೃತಿಕ ಸ್ವತ್ತೆಂದೇ ಸಾರಿದರು. ಇದಕ್ಕೆ ವಿರುದ್ಧವಾದುದು ಅಮೆರಿಕದ ಕ್ರಮ. 1890ರಲ್ಲಿ ಅಯೋವಾ ಸೀಮೆಯ ಒಬ್ಬನ ಹುಲ್ಲುಗಾವಲಿನಲ್ಲಿ 66 ಪೌಂಡಿನ ಕಲ್ಲು ಬಿದ್ದಿತು. ಹುಲ್ಲು ಕೊಯ್ಯಲು ಗುತ್ತಿಗೆ ಹಿಡಿದಿದ್ದವನ ಒಪ್ಪಿಗೆ ಪಡೆದು ಇನ್ನೊಬ್ಬನು ಅದನ್ನು ಅಗೆದು ತೆಗೆದು ಒಬ್ಬ ಭೂವಿಜ್ಞಾನಿಗೆ 105 ಡಾಲರಿಗೆ ಮಾರಿದನು. ನೆಲದ ಒಡೆಯನು ದಾವೆ ಹೂಡಿದನು. ಆಕಾಶದಿಂದ ಬಂದುದು ಯಾರಿಗೂ ಸೇರಿದ್ದಲ್ಲ, ಮೊದಲು ಕಂಡವನಿಗೇ ಎಂದು ಒಂದು ಪಕ್ಷ. ನೆಲಕ್ಕೆ ಬಿದ್ದುದು ನೆಲದ ಅಂಶವೇ ಆಯಿತು, ಆದ್ದರಿಂದ ನೆಲದವನಿಗೆ ಎಂದು ಇನ್ನೊಂದು ಪಕ್ಷ. 1892ರಲ್ಲಿ ಅಲ್ಲಿನ ಉಚ್ಚ ನ್ಯಾಯಸ್ಥಾನವು ನೆಲದ ಒಡೆಯನ ಪರವಾಗಿಯೇ ತೀರ್ಪಿತ್ತಿತು. (ನಮ್ಮಲ್ಲಿ 1974ರ ಭೂಸುಧಾರಣೆಯ ತರುವಾಯ ಗೇಣಿದಾರನ ತೊಡಕೊಂದು ಕಡಿಮೆಯಾಗಿದೆ, ಅಣ್ಣತಮ್ಮಂದಿರ ಪಾಲಿನ ತೊಡಕು ಮಾತ್ರ ಎಂದಿನಂತೆಯೇ ಇದೆ.)

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಈ ಕಲ್ಲುಗಳು ದೇಶದ ಸ್ವತ್ತಾಗಿರತಕ್ಕದ್ದು. ಯಾವನೂ ಬಿತ್ತಿ ಬೆಳೆದದ್ದಲ್ಲ, ಯಾವನೂ ಕಡೆದು ನಿಲ್ಲಿಸಿದ್ದಲ್ಲ. ಅದರ ಬೆಲೆಯೆಲ್ಲ ಅದರಿಂದ ಪಡೆಯಬಹುದಾದ ಜ್ಞಾನದಲ್ಲಿದೆ, ಮತ್ತು ಆ ಜ್ಞಾನವನ್ನು ಪಡೆಯುವ ಮೊದಲ ಹಕ್ಕು ನಮ್ಮ ವಿದ್ಯಾರ್ಥಿಗಳದು. ಆದರೆ ಸರ್ಕಾರದವರು ಹಕ್ಕನ್ನು ಹೇಳುವಾಗ ಹೊಣೆಯನ್ನು ಮರೆಯಕೂಡದು. ಈಗ ನಡೆಯುವುದನ್ನು ನೋಡಿರಿ. ಹಳ್ಳಿಯಲ್ಲಿ ಕಲ್ಲು ಬೀಳುತ್ತದೆ, ಪೋಲೀಸಿನವರು ಬರುತ್ತಾರೆ, ತಹಶೀಲ್ದಾರರು ಬರುತ್ತಾರೆ, ಮಹಜರು ಬರೆದು ಕಲ್ಲನ್ನು ಗೋಣಿಚೀಲದಲ್ಲಿ ಕಟ್ಟಿ ಒಯ್ಯುತ್ತಾರೆ. ತೋಟದವನಿಗೆ ಕಾನೂನಿನಿಂದ ಗೊತ್ತಾದ ಇನಾಮೊಂದಿಲ್ಲ. ಅವನ ಹೆಂಚು ಒಡೆದಿದ್ದರೆ ಅದರ ಪರಿಹಾರಕ್ಕೆ ಗೊತ್ತಾದ ಬಾಬಿಲ್ಲ. ಅದು ಏನಾಯಿತು, ಎಲ್ಲಿದೆ, ಅದರಲ್ಲಿ ಏನು ಕಂಡಿತು ಎಂಬುದನ್ನು ಅವನಿಗೆ ಬರೆದು ತಿಳಿಸಬೇಕೆಂಬ ವಿಧಿಯೂ ಇಲ್ಲ. ಹೀಗಾದರೆ ಮುಂದಿನ ಸಲ ಪಕ್ಕದ ಊರಿನವನು ಏನು ಮಾಡುತ್ತಾನೆ? ಸಿಕ್ಕಿದ ತುಂಡನ್ನು ಅಟ್ಟದ ಮೇಲೆ ಅಡಗಿಸುತ್ತಾನೆ, ಅಥವಾ ಗುರುತಿಲ್ಲದ ದಲ್ಲಾಳಿಗೆ ಕೊಡುತ್ತಾನೆ. ಅವನನ್ನು ಕಳ್ಳನೆನ್ನುವುದಕ್ಕೆ ಮುಂಚೆ ನಾವು ನಮ್ಮ ಆಡಳಿತವನ್ನು ನೋಡಿಕೊಳ್ಳಬೇಕು.

ಆದ್ದರಿಂದ ಶಾಸನವಾಗುವಾಗ ಮೂರು ಮಾತು ಅದರಲ್ಲಿ ಬರಲೇಬೇಕು. ಕಲ್ಲನ್ನು ಪಡೆದ ಅಧಿಕಾರಿಯು ತೂಕವನ್ನೂ ಚಿತ್ರವನ್ನೂ ಸೇರಿಸಿ ಅಲ್ಲಿಯೇ ರಸೀದಿ ಕೊಡಬೇಕು. ಕಲ್ಲಿನ ಜಾತಿ ಗೊತ್ತಾದ ಮೇಲೆ ನೆಲದವನಿಗೂ ಕಂಡವನಿಗೂ ಹಂಚಿಕೆಯಾಗುವಂತೆ, ತೂಕಕ್ಕೂ ವಿರಳತೆಗೂ ತಕ್ಕ ಇನಾಮನ್ನು ಇಷ್ಟು ತಿಂಗಳೊಳಗೆ ಎಂದು ಗೊತ್ತು ಮಾಡಿ ಸಲ್ಲಿಸಬೇಕು. ಒಂದು ತುಣುಕಾದರೂ, ಊರಿನ ಹೆಸರಿನೊಡನೆ, ಆ ಜಿಲ್ಲೆಯಲ್ಲಿಯೇ ಜನರ ಕಣ್ಣಿಗೆ ಬೀಳುವಂತೆ ಇರಬೇಕು. ಸರ್ಕಾರಕ್ಕೆ ಇದರ ಖರ್ಚು ಒಂದು ಸೇತುವೆಯ ಶಂಕುಸ್ಥಾಪನೆಯ ಶಾಮಿಯಾನದ ಖರ್ಚಿಗಿಂತ ಹೆಚ್ಚಾಗದು.

ಕಾಲವಿಳಂಬವೂ ಇಲ್ಲಿ ದೊಡ್ಡ ಅಪರಾಧ. ಉಲ್ಕಾಶಿಲೆಯಲ್ಲಿ ಕೆಲವು ವಿಕಿರಣ ಧಾತುಗಳು ಬಿದ್ದ ಕೆಲವು ದಿನಗಳಲ್ಲಿ, ಕೆಲವು ತಿಂಗಳುಗಳಲ್ಲಿ ಕ್ಷಯಿಸಿ ಹೋಗುತ್ತವೆ. ಬೇಗ ಅಳೆದರೆ ಮಾತ್ರ ಅವು ಸಿಕ್ಕುವುದು. ಒಂದು ಮುಂಗಾರಿನ ಮಳೆ ಸಾಕು, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಗ್ರಾಮ ಆಡಳಿತಾಧಿಕಾರಿಗಳಿಗೂ ಪಾಠಶಾಲೆಯ ಉಪಾಧ್ಯಾಯರಿಗೂ ಒಂದು ಪುಟದ ಸೂಚನಾಪತ್ರವನ್ನು ಕಳುಹಿಸಿದರೆ ಸಾಕು: ಹೊರಗೆ ಕರಕಲಾದ ತೆಳುವಾದ ಕರಿಯ ಸಿಪ್ಪೆ, ಒಳಗೆ ಬಹುಮಟ್ಟಿಗೆ ಬೂದಿಯ ಬಣ್ಣ, ಗಾತ್ರಕ್ಕೆ ಮೀರಿದ ಭಾರ, ಇಂಥದನ್ನು ಕಂಡರೆ ತೊಳೆಯಬೇಡಿ, ಅಯಸ್ಕಾಂತವನ್ನು ತಾಗಿಸಬೇಡಿ, ಶುಭ್ರವಾದ ಒಣ ಚೀಲದಲ್ಲಿಟ್ಟು ಬಿದ್ದ ಜಾಗವನ್ನು ಗುರುತಿಸಿ ಎಂದು. ಅಯಸ್ಕಾಂತ ತಾಗಿದರೆ ಕಲ್ಲಿನೊಳಗೆ ಉಳಿದಿರುವ ಪುರಾತನ ಕಾಂತತ್ವದ ಗುರುತು ಅಳಿಸಿಹೋಗುತ್ತದೆ.

ನಿಯಮವಿಲ್ಲದ ಕಡೆ ಮೋಸ ಬೆಳೆಯುತ್ತದೆ. ಸಿಡಿಲು ಬಡಿದ ತಾಮ್ರದ ಚೊಂಬು ಅಕ್ಕಿಯನ್ನು ಸೆಳೆಯುತ್ತದೆ, ಅದರಲ್ಲಿ ಇರಿಡಿಯಂ ಇದೆ, ಅಮೆರಿಕದ ನಾಸಾದವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆ ಎಂಬ 'ರೈಸ್ ಪುಲ್ಲಿಂಗ್' ವಂಚನೆಯಲ್ಲಿ ನಮ್ಮ ರಾಜ್ಯದ ವರ್ತಕರು, ಓದಿದವರು, ನಿವೃತ್ತ ಅಧಿಕಾರಿಗಳು ಕೂಡ ಲಕ್ಷಾಂತರ ರೂಪಾಯಿ ಕಳೆದುಕೊಂಡಿದ್ದಾರೆ. ಹೆಚ್ಚು ಓದಿದವರೇ ಹೆಚ್ಚು ಮೋಸಹೋದದ್ದು ವಿಚಾರಾರ್ಹ. ಉಲ್ಕಾಶಿಲೆಯ ಹೆಸರಿನಲ್ಲಿ ಇದೇ ಆಟ ನಡೆಯುವುದಕ್ಕೆ ಏನೂ ತಡೆಯಿಲ್ಲ. ನಮ್ಮ ಕಚೇರಿಗೂ ಒಮ್ಮೆ ಒಬ್ಬ ಗೃಹಸ್ಥರು ಶಲ್ಯದಲ್ಲಿ ಸುತ್ತಿದ ಕರಿಯ ಉಂಡೆಯೊಂದನ್ನು ತಂದು, ನಕ್ಷತ್ರದ ಕಲ್ಲೆಂದು ಮೇಜಿನ ಮೇಲಿಟ್ಟರು. ನೋಡಿದರೆ ಅದು ಹಿಂದಿನ ಕಾಲದ ಕಬ್ಬಿಣದ ಕುಲುಮೆಯ ಕಿಟ್ಟ. ಮೈಯೆಲ್ಲ ಗುಳ್ಳೆಗಳ ತೂತು. ಉಲ್ಕಾಶಿಲೆಯಲ್ಲಿ ಅಂಥ ತೂತುಗಳಿರುವುದು ಬಹು ಅಪರೂಪ. ಅವರು ಅದಕ್ಕೆ ಕೊಟ್ಟಿದ್ದ ಹಣವನ್ನು ಎಷ್ಟು ಕೇಳಿದರೂ ಹೇಳಲಿಲ್ಲ.

ರಫ್ತನ್ನು ಸಂಪೂರ್ಣವಾಗಿ ನಿಷೇಧಿಸಬೇಕೆನ್ನುವವರನ್ನು ನಾವು ಅನುಮೋದಿಸಲಾರೆವು. ದೇಶಾಭಿಮಾನವೆಂದರೆ ಕಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಉಲ್ಕೆಗಳನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಯಾಗಿ ವಿಂಗಡಿಸಿದನು. ಅಪಶಕುನದ ದೃಷ್ಟಿಯಿಂದ ನೋಡಿದರೂ ನೋಡಿ ವಿಂಗಡಿಸಿದನೆಂಬುದೇ ಮುಖ್ಯ. ಇಂದು ವಿಂಗಡಿಸುವ ಕೆಲಸಕ್ಕೆ ನಾನಾ ದೇಶಗಳ ಯಂತ್ರಗಳೂ ವಿದ್ವಾಂಸರೂ ಬೇಕು. ಹೊಸ ಉಲ್ಕಾಶಿಲೆಗೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಬೇಕಾದರೆ 20 ಗ್ರಾಂ, ಅಥವಾ ಒಟ್ಟು ತೂಕದ ಐದರಲ್ಲೊಂದು ಪಾಲು, ಇವುಗಳಲ್ಲಿ ಕಡಿಮೆಯಾದಷ್ಟನ್ನು ಮಾನ್ಯವಾದ ಸಂಸ್ಥೆಯಲ್ಲಿ ಇಡಬೇಕೆಂಬ ನಿಯಮವುಂಟು. ಆ ಪಾಲು ಭಾರತದಲ್ಲಿಯೇ ಇರತಕ್ಕದ್ದೆಂದು ನಾವು ವಿಧಿಸಿಕೊಳ್ಳಬಹುದು. ಅದಕ್ಕೆ ಮೇಲ್ಪಟ್ಟುದರಲ್ಲಿ ಪರೀಕ್ಷೆಗೆಂದು ಕೆಲವು ಗ್ರಾಂಗಳನ್ನು ಕಡವಾಗಿ ಕಳುಹಿಸುವುದಕ್ಕೂ, ನಮ್ಮಲ್ಲಿಲ್ಲದ ಜಾತಿಯ ಕಲ್ಲಿಗೆ ಬದಲಾಗಿ ನಮ್ಮದರ ಒಂದು ತುಂಡನ್ನು ಕೊಡುವುದಕ್ಕೂ ಪರವಾನಗಿಯ ಮೂಲಕ ಅವಕಾಶವಿರಲಿ. ಬಂದರಿನಲ್ಲಿಯೂ ವಿಮಾನ ನಿಲ್ದಾಣದಲ್ಲಿಯೂ ಸುಂಕದ ಅಧಿಕಾರಿಗಳು ಇಂಥ ಕಲ್ಲನ್ನು ಕಂಡಾಗ ಯಾವ ಕಾಗದವನ್ನು ಕೇಳಬೇಕೆಂಬುದು ಅವರಿಗೆ ಗೊತ್ತಿರಲಿ. 1970ರ ಯುನೆಸ್ಕೋ ಒಡಂಬಡಿಕೆಯಲ್ಲಿ ವಿರಳ ಖನಿಜಗಳ ಮಾತು ಇದೆ. ಭಾರತವು 1977ರಲ್ಲಿ ಅದನ್ನು ಅಂಗೀಕರಿಸಿದೆ. ಆದರೆ ಮನೆಯಲ್ಲಿ ಶಾಸನವಿಲ್ಲದವನು ಹೊರಗಿನ ಒಡಂಬಡಿಕೆಯನ್ನು ಹಿಡಿದು ಕದ ತಟ್ಟಿದರೆ ಯಾರು ತೆರೆದಾರು?

ಕರಡು ಮಸೂದೆಯನ್ನು ಪಾರ್ಲಿಮೆಂಟಿನ ಮುಂದೆ ತರುವಂತೆ ಕೇಂದ್ರವನ್ನು ಒತ್ತಾಯಪಡಿಸುವುದು ನಮ್ಮ ಲೋಕಸಭಾ ಸದಸ್ಯರ ಕೆಲಸ. ಆ ವರೆಗೆ ಬೆಂಗಳೂರಿನ ಸರ್ಕಾರದವರು ತಮ್ಮ ಕೈಯಲ್ಲಿರುವುದನ್ನು ಮಾಡಬಹುದು: ಜಿಲ್ಲಾಧಿಕಾರಿಗಳಿಗೆ ರಸೀದಿ ಮತ್ತು ಇನಾಮಿನ ವಿಷಯವಾಗಿ ಒಂದು ಸುತ್ತೋಲೆಯನ್ನು ಹೊರಡಿಸುವುದು, ಮದ್ದೂರಿನ ಮತ್ತು ಉಡುಪಿಯ ಕಲ್ಲುಗಳ ಒಂದೊಂದು ತುಣುಕನ್ನಾದರೂ ಕಡವಾಗಿ ತರಿಸಿ ಮಂಡ್ಯದಲ್ಲಿಯೂ ಉಡುಪಿಯಲ್ಲಿಯೂ ಹುಡುಗರಿಗೆ ತೋರಿಸುವುದು. ತುಣುಕಿನ ಪಕ್ಕದಲ್ಲಿ ಇಡುವ ಚೀಟಿಯಲ್ಲಿ ಮದ್ದೂರು ಎಂದು ಕನ್ನಡದಲ್ಲಿ ಸರಿಯಾಗಿ ಬರೆಯಿಸಲಿ.